ಯಾರ ಬದುಕು, ಯಾರ ಚಿತ್ರ?

ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಮನೆಯೊಂದರಲ್ಲಿ ದುಡಿಯುತ್ತಿದ್ದ ಖಾಲಾ ಒಬ್ಬರ ಮೇಲೆ ನಾವು ಬಹಳ ಹಿಂದೆ ಕಥೆ ಬರೆದಿದ್ದೆವು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಸುಲಿದು ಹೋದ ಬೆರಳುಗಳು, ಸತ್ತ ಹುಳುವಿನ ವಾಸನೆ, ಒಲೆಯ ಹೊಗೆ ಎಲ್ಲವೂ ಅದರಲ್ಲಿದ್ದವು. ಓದಿದವರು ಕಣ್ಣು ತುಂಬಿ ಬಂತೆಂದರು. ಖಾಲಾ ಮಾತ್ರ, ಮಗನಿಂದ ಓದಿಸಿ ಕೇಳಿದ ಮೇಲೆ, “ಬೇಟಾ, ನನ್ನ ಕೈ ಬರೆದೆ, ಸರಿ. ಮಾಲೀಕನ ಹತ್ತಿರ ಜಗಳಾಡಿ ಕೂಲಿ ಹೆಚ್ಚಿಸಿಕೊಂಡೆನಲ್ಲ, ಅದನ್ನು ಯಾಕೆ ಬಿಟ್ಟೆ?” ಎಂದರು. ಯಾಕೆಂದರೆ ಅದನ್ನು ಬರೆದರೆ ಓದುಗರ ಕಣ್ಣೀರು ಅರ್ಧಕ್ಕೇ ನಿಲ್ಲುತ್ತಿತ್ತು!

ಇನ್ನೊಬ್ಬರ ಬದುಕನ್ನು ಚಿತ್ರಿಸುವವರಿಗೆಲ್ಲ ಈ ಪ್ರಶ್ನೆ ಇದ್ದದ್ದೇ. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಕೆನಡಾದ ಹಿಮಪ್ರದೇಶದ ಇನೂಯಿಟ್ ಜನರ ಮೇಲೆ ‘ನಾನೂಕ್’ ಚಿತ್ರ ತಂದರು. ಆ ಹೊತ್ತಿಗೆ ಆ ಜನ ಬಂದೂಕು ಹಿಡಿದಿದ್ದರೂ ಚಿತ್ರಕ್ಕಾಗಿ ಈಟಿಯಿಂದಲೇ ಬೇಟೆಯಾಡಬೇಕಾಯಿತು. ನಾಯಕನ ನಿಜವಾದ ಹೆಸರೂ ನಾನೂಕ್ ಆಗಿರಲಿಲ್ಲ. ಯುರೋಪಿನ ಉತ್ತರ ತುದಿಯಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ವಿಷಯದಲ್ಲಿ ಕಾಲ ಸ್ವಲ್ಪ ಬದಲಾಯಿತು. ಸಾಮಿಯವರೇ ಆದ ನಿಲ್ಸ್ ಗೌಪ್ 1987ರಲ್ಲಿ ತಮ್ಮ ಭಾಷೆಯಲ್ಲೇ ಚಿತ್ರ ತೆಗೆದರು. 2019ರಲ್ಲಿ ಡಿಸ್ನಿಯಂಥ ದೊಡ್ಡ ಕಂಪನಿಯೂ ‘ಫ್ರೋಜನ್ 2’ ಚಿತ್ರಕ್ಕಾಗಿ ಸಾಮಿ ಸಂಸತ್ತುಗಳೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು.

ನಮ್ಮ ನಾಡಿನಲ್ಲಿ ಈ ಕೆಲಸ ಅದಕ್ಕೂ ಮೊದಲೇ ನಡೆದಿದೆ. 1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಹಾಗೂ ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಬೆಂಗಳೂರಿನಲ್ಲಿ ‘ಯುಗಾಂತರ್’ ತಂಡ ಕಟ್ಟಿದರು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಮೇಲೆ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ತಂದರು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಆ ಹೆಂಗಸರ ನಡುವೆ ಇದ್ದು ಅವರ ಮಾತು ಕೇಳಿದ್ದರು. ಹಾಗಾಗಿಯೇ ತಂಬಾಕಿನ ಧೂಳಿನ ಜೊತೆಗೆ ಅವರ ಸಂಘ, ಮುಷ್ಕರದ ಚರ್ಚೆ, ಸಿಟ್ಟು ಕೂಡ ಚಿತ್ರದೊಳಗೆ ಬಂದವು. ನಮ್ಮ ಕಥೆ ಬಿಟ್ಟದ್ದನ್ನೇ ಅವರು ಹಿಡಿದಿದ್ದರು.

ಹಾಗಾದರೆ ‘ಅವರನ್ನು ಕೇಳಿ ತೆಗೆಯಿರಿ’ ಎಂದರೆ ಮುಗಿಯಿತೇ? ‘ಅವರು’ ಅಂದರೆ ಯಾರು? ರೇಷ್ಮೆ ಕಸುಬಿನ ಜೀತದ ಮಕ್ಕಳ ಮೇಲೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ತಂದಾಗ ಅದರಲ್ಲಿ ಕರ್ನಾಟಕವೂ ಇತ್ತು. ಶಿಡ್ಲಘಟ್ಟದ ರೀಲರ್‌ಗಳಲ್ಲಿ ನಮ್ಮವರೇ ಬಹಳ. ಮಾಲೀಕನ ಒಪ್ಪಿಗೆ ಕೇಳಿದರೆ ಮಕ್ಕಳನ್ನು ಹಿತ್ತಲಿಗೆ ಕಳಿಸಿ ಕ್ಯಾಮೆರಾ ಒಳಗೆ ಬಿಡುತ್ತಾನೆ. ಜಮಾತಿನ ಹಿರಿಯರನ್ನು ಕೇಳಿದರೆ ಮನೆಯ ಮಾತು ಬೀದಿಗೇಕೆ ಅನ್ನುತ್ತಾರೆ. ಸುಳ್ಳೇಕೆ, ನಾವೂ ಹಾಗೆ ಅಂದುಕೊಂಡು ಸುಮ್ಮನಿದ್ದವರೇ.

ಖಾಲಾರ ಕಥೆಯಲ್ಲಿ ನಾವು ಇನ್ನೊಂದನ್ನೂ ಬಿಟ್ಟಿದ್ದೆವು. ಶಾಲೆಗೆ ಹೋಗುವ ಮೊದಲು ಅವರ ಮಗನೂ ಅಲ್ಲೇ ಚರಕ ತಿರುಗಿಸುತ್ತಿದ್ದ. “ಅದೊಂದು ಬರೀಬೇಡ ಬೇಟಾ” ಎಂದು ಖಾಲಾ ನಮ್ಮ ಕೈ ಹಿಡಿದಿದ್ದರು. ತಾಯಿಯ ಮಾತು ಮೀರಲಾಗಲಿಲ್ಲ. ಹುಡುಗನನ್ನು ಯಾರೂ ಕೇಳಲಿಲ್ಲ. ತಾನಿಲ್ಲದ ಆ ಕಥೆಯನ್ನು ತಾಯಿಗೆ ಓದಿ ಹೇಳಿದವನು ಅವನೇ.

ಖಾಲಾ ಈಗಿಲ್ಲ. ಕಥೆಯನ್ನು ಸಂಕಲನಕ್ಕೆ ಸೇರಿಸಬೇಕೆಂದು ಪ್ರಕಾಶಕರು ಕೇಳುತ್ತಿದ್ದಾರೆ. ಮಗ ಚಿಂತಾಮಣಿಯಲ್ಲಿ ಆಟೋ ಓಡಿಸುತ್ತಾನೆ. ಹಸ್ತಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಎರಡು ಸಲ ಆಟೋ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದಿದ್ದೇವೆ.