ತಕ್ಕಡಿಯ ಮುಂದೆ ನಿಂತ ಬಾಲಕ



ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರವು ಒಂದು ಕಾಲದಲ್ಲಿ ಉಣ್ಣೆ ಗಿರಣಿಗಳಿಗೆ ಹೆಸರಾಗಿತ್ತು. 1950 ಮತ್ತು 60ರ ದಶಕಗಳಲ್ಲಿ ಮೀರ್‌ಪುರದಿಂದ ಹೋದ ನಮ್ಮ ಸಹೋದರರು ಅನೇಕರು ಅಲ್ಲಿ ರಾತ್ರಿ ಪಾಳಿಯಲ್ಲಿ ದುಡಿದರು. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಬೃಹತ್ತಾದ ಲಿಸ್ಟರ್ ಗಿರಣಿಯೂ 1992ರಲ್ಲಿ ನಿಂತುಹೋಯಿತು. ಬಡತನವು ಜಾತಿ ಧರ್ಮ ನೋಡದೆ ಮನೆಗಳನ್ನು ಹೊಕ್ಕಿತು.

ಇದೇ ನಗರದಲ್ಲಿ ನಡೆಯುವ ಕಥೆ, ಕ್ಲಿಯೋ ಬರ್ನಾರ್ಡ್ ಎಂಬ ಮಹಿಳೆ 2013ರಲ್ಲಿ ನಿರ್ದೇಶಿಸಿದ 'ದಿ ಸೆಲ್ಫಿಶ್ ಜೈಂಟ್' ಚಿತ್ರದ್ದು. ಸಿನಿಮಾದ ಮಾತು ಇಲ್ಲೇಕೆ ಎನ್ನಬೇಡಿ. ಪಾಠ ಎಲ್ಲಿದ್ದರೂ ಪಾಠವೇ.

ಆರ್ಬರ್ ಮತ್ತು ಸ್ವಿಫ್ಟಿ ಬಡಮನೆಯ ಗೆಳೆಯರು. ಗೆಳೆಯನ ಪರ ಜಗಳಕ್ಕಿಳಿದ ಆರ್ಬರ್ ಶಾಲೆಯಿಂದ ಹೊರಬೀಳುತ್ತಾನೆ. ಇಬ್ಬರೂ ಕುದುರೆಗಾಡಿಯಲ್ಲಿ ಗುಜರಿ ಆಯ್ದು ಕಿಟನ್ ಎಂಬ ವ್ಯಾಪಾರಿಗೆ ಮಾರತೊಡಗುತ್ತಾರೆ. ಕೊನೆಗೆ ಆತ ಅವರನ್ನು ವಿದ್ಯುತ್ ಕೇಬಲ್ ಕದಿಯಲು ಕಳುಹಿಸುತ್ತಾನೆ. ವಿದ್ಯುತ್ ಬಡಿದು ಸ್ವಿಫ್ಟಿ ಸಾಯುತ್ತಾನೆ. ವ್ಯಾಪಾರಿ ಪೊಲೀಸರ ಮುಂದೆ ತಪ್ಪು ಒಪ್ಪಿಕೊಳ್ಳುತ್ತಾನೆ. ಆದರೆ ಸತ್ತ ಮಗು ಮರಳಿ ಬರುವುದುಂಟೇ?

ಅಳತೆ ತೂಕದಲ್ಲಿ ಮೋಸ ಮಾಡುವವರಿಗೆ ಪವಿತ್ರ ಕುರ್‌ಆನಿನ ಅಲ್ ಮುತಫ್ಫಿಫೀನ್ ಅಧ್ಯಾಯವು ಕಠಿಣ ಎಚ್ಚರಿಕೆ ನೀಡಿದೆ. ನಾವು ತಕ್ಕಡಿಯನ್ನು ಸರಿಯಾಗಿಯೇ ಹಿಡಿಯುತ್ತೇವೆ ಎಂದಿಟ್ಟುಕೊಳ್ಳಿ. ಅಷ್ಟು ಸಾಕೇ? ತಕ್ಕಡಿಯ ಮುಂದೆ ನಿಂತಿರುವ ಆ ಬಾಲಕ ಯಾರು, ಈ ಹೊತ್ತಿನಲ್ಲಿ ಶಾಲೆಯಲ್ಲಿರಬೇಕಾದವನು ಇಲ್ಲೇಕೆ, ಈ ತಾಮ್ರ ಎಲ್ಲಿಯದು ಎಂದು ಕೇಳುವ ಹೊಣೆ ಯಾರದು? ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಹೇಗೆ ಖರ್ಚು ಮಾಡಿದೆ ಎಂಬ ಪ್ರಶ್ನೆಗೆ ಉತ್ತರಿಸದೆ ಅಂತ್ಯದಿನದಲ್ಲಿ ಯಾರ ಪಾದವೂ ಕದಲದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ನಮ್ಮಲ್ಲೂ ಅನೇಕರು ಗುಜರಿ ವ್ಯಾಪಾರದಿಂದ ಹಲಾಲ್ ಅನ್ನ ಉಣ್ಣುತ್ತಿದ್ದಾರೆ. ಅದು ಗೌರವದ ದುಡಿಮೆ. ಮಗುವಿನ ಕೈಯಿಂದ ಕೇಬಲ್ ಬಂದಾಗ ಬೆಲೆ ಹೇಳುವ ಮೊದಲು ಅವನ ಮನೆ ಯಾವುದೆಂದು ಕೇಳಿರಿ. ಹೆತ್ತವರೇ, ಮಗ ಹಣ ತಂದುಕೊಟ್ಟರೆ ಪಡೆಯುವ ಮುನ್ನ ವಿಚಾರಿಸಿರಿ. ನೆರೆಮನೆಯ ಹುಡುಗ ಶಾಲೆ ಬಿಟ್ಟಿದ್ದರೆ ಝಕಾತ್ ಹಂಚಲು ರಮಝಾನ್ ಬರಲೆಂದು ಕಾಯದಿರಿ.

ಚಿತ್ರದ ಕೊನೆಯಲ್ಲಿ, ಮಗನನ್ನು ಕಳೆದುಕೊಂಡ ತಾಯಿ ಆರ್ಬರ್‌ನನ್ನು ಅಪ್ಪಿಕೊಳ್ಳುತ್ತಾಳೆ. ಆ ಅಪ್ಪುಗೆ ಮೊದಲೇ, ಯಾರಿಂದಲಾದರೂ ಸಿಕ್ಕಿದ್ದರೆ? ನಮ್ಮ ಬೀದಿಯ ಮಕ್ಕಳಿಗೆ ಅದು ತಡವಾಗದಿರಲಿ. ಅಲ್ಲಾಹನು ನಮಗೆ ಆ ಕರುಣೆಯನ್ನು ದಯಪಾಲಿಸಲಿ. ಆಮೀನ್.