ಎಣಿಕೆಯಲ್ಲಿ ಒಬ್ಬಳು

ನಾನು ಹೊನ್ನಾಳಿಯವಳು, ತುಂಗಭದ್ರೆಯ ದಡದಲ್ಲಿ ಬೆಳೆದವಳು. ಪಿಎಚ್‌.ಡಿ. ಬರವಣಿಗೆ ಸಾಕಾಗಿ, ಬೆನ್ನಿಗೊಂದು ಚೀಲ ಏರಿಸಿ ಒಬ್ಬಳೇ ಮಲ್ಪೆಗೆ ಹೋದೆ. ಸೇಂಟ್ ಮೇರಿಸ್ ದ್ವೀಪದ ದೋಣಿ ಜನ ತುಂಬುವವರೆಗೆ ಹೊರಡಲಿಲ್ಲ. ನನ್ನ ಸ್ವಾತಂತ್ರ್ಯ ಅಪರಿಚಿತರಿಗಾಗಿ ಕಾಯುತ್ತ ಕೂತಿತ್ತು. ಜಗಳೂರು ಕಡೆಯ ಅಜ್ಜಿಯೊಬ್ಬರು, "ಯವ್ವಾ, ಅಂಚಿಗೆ ನಾ ಕೂರಲಾ? ಸಮುದ್ರ ನೋಡ್ತಿರೋದೇ ಇವತ್ತು" ಎಂದರು. ಬಿಟ್ಟುಕೊಡಲಿಲ್ಲ. ದುಡ್ಡು ಕೊಟ್ಟಿದ್ದೆ, ಮೊದಲು ಬಂದಿದ್ದೆ. ನ್ಯಾಯ ನನ್ನ ಕಡೆಗಿತ್ತು.

ದ್ವೀಪದ ಶಿಲಾಕಂಬಗಳಿಗೆ ಸುಮಾರು 8.8 ಕೋಟಿ ವರ್ಷ. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರಿದು ಆದವು. ಒಂದೊಂದೂ ಬೇರೆಯಾಗಿ ನಿಂತಂತೆ ಕಾಣುತ್ತದೆ. ಆದರೆ ಒಂದರ ಅಂಚಾದ ಬಿರುಕೇ ಪಕ್ಕದ್ದರ ಅಂಚೂ ಹೌದು. ನೋಡುತ್ತ ಹೊತ್ತು ಮರೆತೆ. ಓಡಿ ಬಂದರೆ ದೋಣಿ ಇನ್ನೂ ನಿಂತಿತ್ತು. "ಒಬ್ಳೇ ಬಂದಿದ್ಲಲ್ಲ, ಆ ಹುಡುಗಿ ಇನ್ನೂ ಬಂದಿಲ್ಲ, ತಡೀರಿ" ಎಂದು ನಿಲ್ಲಿಸಿದ್ದವರು ಅದೇ ಅಜ್ಜಿ.

ನಾನು ಮಾಡಿದ್ದು ಅನ್ಯಾಯವೇನಲ್ಲ. ಆದರೆ ಅಜ್ಜಿ ಮಾಡಿದ್ದು ಯಾವ ನ್ಯಾಯದ ಲೆಕ್ಕಕ್ಕೂ ಸಿಗುವುದಿಲ್ಲ. ಒಂಟಿಯಾಗಿ ಹೊರಡುವುದು ನನ್ನ ಹಕ್ಕು, ನಿಜ. ದಡ ಮುಟ್ಟಿಸುವುದು ಮಾತ್ರ ನಮ್ಮನ್ನು ಎಣಿಸಿಕೊಳ್ಳುವ ಯಾರೋ. ಮರಳುವಾಗ ಅಂಚಿನ ಜಾಗ ಅವರಿಗೆ ಬಿಟ್ಟೆ. ಋಣ ತೀರಿತೆಂದು ಈಗಲೂ ಅನ್ನಿಸಿಲ್ಲ.