ಬಿದಿರಿನ ಟವಲು

ಗೌರಿಹಬ್ಬದ ಹಿಂದಿನ ದಿನ ನನ್ನ ಭಾವಮೈದುನ ಬೆಂಗಳೂರಿನಿಂದ ಬಂದ. ಅಕ್ಕನಿಗೆ ತವರಿನ ಬಾಗಿನ ತರುವುದು ಅವರ ಮನೆಯ ಪದ್ಧತಿ. ಸೀರೆ, ರವಿಕೆಕಣ, ಹೂವು, ಹಣ್ಣು ಎಲ್ಲವೂ ಯಥಾಪ್ರಕಾರ ಇದ್ದವು. ಅವುಗಳ ಜೊತೆಗೆ ಈ ಸಲ ಆರು ಟವಲುಗಳು. ಬಿಸ್ಕತ್ತಿನ ಬಣ್ಣ, ಮುಟ್ಟಿದರೆ ಬೆಕ್ಕಿನ ಮರಿಯನ್ನು ಮುಟ್ಟಿದ ಹಾಗೆ. “ಇದು ಹತ್ತಿಯದಲ್ಲ ಭಾವ, ಬಿದಿರಿನದು. ಪರಿಸರಕ್ಕೆ ಒಳ್ಳೆಯದು” ಎಂದ. ರಟ್ಟಿನ ಪೆಟ್ಟಿಗೆಯ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ‘ನೂರಕ್ಕೆ ನೂರು ಬಿದಿರು’ ಎಂಬ ಅಭಯವಚನ.

ನನ್ನ ತಾಯಿ ಒಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಅವರ ಪಕ್ಕದಲ್ಲಿಯೇ ಅರಿಸಿನ ಹಚ್ಚಿ ಒಣಗಲಿಟ್ಟ ಬಾಗಿನದ ಮೊರಗಳಿದ್ದವು. “ಬಿದಿರಲ್ಲಿ ಮೊರ ಆಗತ್ತೆ, ಬುಟ್ಟಿ ಆಗತ್ತೆ, ತೊಟ್ಟಿಲಾಗತ್ತೆ, ಕೊನೆಗೆ ಚಟ್ಟವೂ ಆಗತ್ತೆ. ಮೈ ಒರೆಸೋ ಬಟ್ಟೆ ಹ್ಯಾಗಪ್ಪ ಆಗತ್ತೆ?” ಎಂದರು. “ಹಬ್ಬದ ಹೊತ್ತಲ್ಲಿ ಚಟ್ಟದ ಮಾತೇಕೆ ಅತ್ತೆ?” ಎಂದು ನನ್ನ ಹೆಂಡತಿ ಗದರಿದಳು. ಮಾತು ಅಲ್ಲಿಗೆ ನಿಂತಿತು. ಆದರೆ ಪ್ರಶ್ನೆ ನನ್ನಲ್ಲಿ ಉಳಿಯಿತು. ಮೊರದ ಬಿದಿರನ್ನು ಟವಲಿನ ಪಕ್ಕದಲ್ಲಿಟ್ಟು ನೋಡಿದವನಿಗೆ ಅದು ಉಳಿಯದೆ ಇರುವುದು ಕಷ್ಟ.

ಬಿದಿರಿನಿಂದ ಬಟ್ಟೆಮಾಡಲು ದಾರಿಗಳುಂಟು. ಒಂದು, ಸೆಣಬಿನಂತೆ ಅದನ್ನು ಜಜ್ಜಿ, ಕೊಳೆಹಾಕಿ, ನಾರು ಬಿಡಿಸುವುದು. ಹಾಗೆ ಬಂದ ಬಟ್ಟೆ ಒರಟು, ಶ್ರಮವೂ ಹೆಚ್ಚು, ಬೆಲೆಯೂ ಹೆಚ್ಚು, ಅಂಗಡಿಯಲ್ಲಿ ಅಪರೂಪ. ಬೆಕ್ಕಿನ ಮರಿಯ ನಯ ಬರುವುದು ಇನ್ನೊಂದು ದಾರಿಯಿಂದ. ಬಿದಿರನ್ನು ಚೂರುಮಾಡಿ ಬೇಯಿಸಿ ತಿರುಳು ತೆಗೆಯುತ್ತಾರೆ. ಅದನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವನ್ನು ಸೇರಿಸಿದರೆ ಮುಂದೆ ಜೇನಿನಂಥ ಅಂಟುಪಾಕ ಸಿದ್ಧವಾಗುತ್ತದೆ. ಶಾವಿಗೆ ಒತ್ತುವ ಹಾಗೆ ಆ ಪಾಕವನ್ನು ಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಒತ್ತಿದರೆ ಎಳೆ ಹುಟ್ಟುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಕ್ರಾಸ್, ಬೆವನ್, ಬೀಡ್ಲ್ ಎಂಬ ಮೂವರು ಆಂಗ್ಲರು ೧೮೯೨ರಲ್ಲಿ ಕಂಡುಹಿಡಿದದ್ದು. ವಿಸ್ಕೋಸ್, ರೇಯಾನ್, ಕೃತಕ ರೇಷ್ಮೆ ಎಂದೆಲ್ಲ ನಾವು ಬಲ್ಲೆವಲ್ಲ, ಅದೇ ಇದು. ನೀಲಗಿರಿಯ ಮರವನ್ನು ಹಾಕಿದರೂ ಅದೇ ಪಾಕ, ಅದೇ ಎಳೆ.

ಹಾಗಾದರೆ ಈ ಟವಲು ಬಿದಿರೋ ಅಲ್ಲವೋ? ತರಗತಿಯಲ್ಲಿ ತಂತು-ಪಟಗಳ ದೃಷ್ಟಾಂತವನ್ನು ಹೇಳುವಾಗ ಅದೊಂದು ಒಣಚರ್ಚೆಯೆಂದು ನಾನೇ ಒಳಗೊಳಗೆ ಭಾವಿಸಿದ್ದುಂಟು. ಬಟ್ಟೆಯು ನೂಲಿನಲ್ಲಿ ಮೊದಲೇ ಅಡಗಿತ್ತು, ಪ್ರಕಟವಾಯಿತು ಅಷ್ಟೆ, ಎಂದು ಸಾಂಖ್ಯರು. ಇಲ್ಲ, ನೂಲನ್ನು ಆಶ್ರಯಿಸಿದ್ದರೂ ಬಟ್ಟೆ ಹೊಸದಾಗಿ ಹುಟ್ಟಿದ ಬೇರೆಯೇ ವಸ್ತು ಎಂದು ನೈಯಾಯಿಕರು. ಈಗ ನೋಡಿದರೆ ಪೇಟೆಯ ವರ್ತಕನು ಸಾಂಖ್ಯ! ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನೈಯಾಯಿಕರ ಪಕ್ಷ. ೨೦೦೯ರಲ್ಲಿ ಅದು ರೇಯಾನನ್ನು ಬಿದಿರೆಂದು ಮಾರಿದವರ ಮೇಲೆ ಮೊಕದ್ದಮೆ ಹೂಡಿತು. ೨೦೧೦ರಲ್ಲಿ ೭೮ ಮಾರಾಟಗಾರರಿಗೆ ಎಚ್ಚರಿಕೆಯ ಪತ್ರ ಬರೆಯಿತು. ೨೦೨೨ರಲ್ಲಿ ಕೋಲ್ಸ್ ಮತ್ತು ವಾಲ್ಮಾರ್ಟ್ ಒಟ್ಟು ೫೫ ಲಕ್ಷ ಡಾಲರು ದಂಡ ತೆರಲು ಒಪ್ಪಿದವು. ‘ಬಿದಿರಿನಿಂದ ಮಾಡಿದ ರೇಯಾನ್’ ಎಂದು ಬರೆಯಿರಿ, ‘ಬಿದಿರು’ ಎಂದು ಬರೆಯಬೇಡಿ ಎಂಬುದು ಅದರ ತೀರ್ಮಾನ. ಬಿದಿರಿಗೆ ಕ್ರಿಮಿನಿವಾರಕ ಗುಣವಿದ್ದರೆ ಇರಲಿ, ಆ ಪಾಕದೊಳಗೆ ಮುಳುಗಿ ಎದ್ದಮೇಲೆ ಅದು ಉಳಿಯುವುದಿಲ್ಲ ಎಂದೂ ಅದು ಹೇಳಿತು.

ವರ್ತಕನ ಪರವಾಗಿ ಉದ್ದಾಲಕನನ್ನು ಕರೆತರಬಹುದು. ಮಣ್ಣಿನ ಒಂದು ಮುದ್ದೆಯನ್ನು ಬಲ್ಲವನು ಮಣ್ಣಿನದೆಲ್ಲವನ್ನೂ ಬಲ್ಲ, ಮಡಕೆ ಕುಡಿಕೆಗಳು ಹೆಸರಿನ ಭೇದ ಮಾತ್ರ, ಎಂದು ಆತ ಮಗನಿಗೆ ತಿಳಿಸಿದ. ಆದರೆ ಈ ವಾದವನ್ನು ಹಿಡಿದವನು ನಡುದಾರಿಯಲ್ಲಿ ನಿಲ್ಲುವಂತಿಲ್ಲ. ಟವಲಿನಲ್ಲಿ ಉಳಿದಿರುವುದು ಸೆಲ್ಯುಲೋಸ್, ಹತ್ತಿಯಲ್ಲಿರುವುದೂ ಸೆಲ್ಯುಲೋಸ್, ನಾನು ಬರೆಯುತ್ತಿರುವ ಈ ಕಾಗದವೂ ಅದೇ. ಎಲ್ಲವೂ ಒಂದೇ ಎಂದಮೇಲೆ ಬಿದಿರಿಗೆ ಮಾತ್ರ ಪ್ರತ್ಯೇಕವಾದ ಎಲೆಯ ಚಿತ್ರವೇಕೆ, ಪ್ರತ್ಯೇಕವಾದ ಬೆಲೆಯೇಕೆ? ಅದ್ವೈತವನ್ನು ಹೇಳಿ ದ್ವೈತದ ದರ ವಸೂಲುಮಾಡುವುದು ನ್ಯಾಯವಲ್ಲ.

ಇಷ್ಟರಲ್ಲಿಯೇ ನಿಂತಿದ್ದರೆ ಇದು ವಿನೋದದ ವಿಷಯವಾಗುತ್ತಿತ್ತು. ಆದರೆ ಆ ಕಾರ್ಬನ್ ಡೈಸಲ್ಫೈಡಿಗೆ ಒಂದು ಚರಿತ್ರೆಯಿದೆ. ವಿಸ್ಕೋಸಿಗಿಂತ ಮೊದಲು ಅದನ್ನು ರಬ್ಬರ್ ಕಾರ್ಖಾನೆಗಳಲ್ಲಿ ಬಳಸುತ್ತಿದ್ದರು. ಅದರ ಆವಿಯನ್ನು ಉಸಿರಾಡಿದವರಿಗೆ ನರಗಳು ಕುಗ್ಗಿ, ಬುದ್ಧಿ ಭ್ರಮಿಸುತ್ತಿತ್ತು. ಭ್ರಮೆ ಏರಿದಾಗ ಕೆಲಸಗಾರರು ಹೊರಗೆ ಹಾರಿಕೊಳ್ಳದಿರಲೆಂದು ಕಾರ್ಖಾನೆಯ ಕಿಟಕಿಗಳಿಗೆ ಸರಳು ಹಾಕಿಸಿದ್ದ ಸಂಗತಿಯನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಆಲಿವರ್ ೧೯೦೨ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಈಗಿನ ಒಳ್ಳೆಯ ಕಾರ್ಖಾನೆಗಳು ಆ ಆವಿಯನ್ನು ಹಿಡಿದು ಮತ್ತೆ ಬಳಸುತ್ತವೆ. ದ್ರಾವಕವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿ ಪಡೆಯುವ, ಈ ದ್ರವದ ಹಂಗೇ ಇಲ್ಲದ ಲಯೋಸೆಲ್ ಎಂಬ ಬೇರೊಂದು ಕ್ರಮವೂ ಇದೆ. ನಮ್ಮ ಟವಲು ಯಾವ ದಾರಿಯಿಂದ ಬಂತು? ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆ. ಎಲೆ ಇತ್ತು, ದಾರಿ ಇರಲಿಲ್ಲ.

ಹಾಗೆಂದು ಹತ್ತಿ ಗಂಗಾಜಲವೇನೂ ಅಲ್ಲ. ಅದಕ್ಕೆ ಬಳಿಯುವ ಕೀಟನಾಶಕವನ್ನೂ ಬೆಳೆಗಾರನ ಸಾಲವನ್ನೂ ಬಲ್ಲವನು ಪಾಣಿಪಂಚೆಯನ್ನು ಹೆಗಲಿಗೆ ಹಾಕಿ ಪುಣ್ಯವಂತನಂತೆ ಬೀಗಲಾರ. ಹತ್ತಿಯ ಒಂದು ಗುಣವನ್ನು ಮಾತ್ರ ಹೇಳಬೇಕು: ಒದ್ದೆಯಾದಾಗ ಅದರ ನೂಲಿನ ಬಲ ಹೆಚ್ಚುತ್ತದೆ, ವಿಸ್ಕೋಸಿನ ಬಲ ಕುಗ್ಗುತ್ತದೆ. ಕಲ್ಲಿಗೆ ಬಡಿದು ಒಗೆದ ನನ್ನ ತಂದೆಯ ಪಾಣಿಪಂಚೆಯೊಂದು ಅವರು ಹೋದಮೇಲೂ ಎಂಟು ವರ್ಷ ಬಾಳಿತು.

ನನ್ನನ್ನು ನಿಜವಾಗಿ ಚುಚ್ಚಿದ್ದು ಇದಾವುದೂ ಅಲ್ಲ. ಭಾವಮೈದುನ ಬರುವ ಎರಡು ದಿನ ಮೊದಲು ನಾನೇ ಪೇಟೆಗೆ ಹೋಗಿ ಬಾಗಿನದ ಮೊರ ತಂದಿದ್ದೆ. ಹೆಂಗಸೊಬ್ಬಳು ರಸ್ತೆಯ ಬದಿಯಲ್ಲಿ ಕುಳಿತು ಸೀಳು ಹೆಣೆಯುತ್ತಲೇ ಮಾರುತ್ತಿದ್ದಳು. ಜೋಡಿಗೆ ನೂರೆಂಬತ್ತು ಎಂದಳು. ನಾನು ನೂರೈವತ್ತಕ್ಕೆ ಇಳಿಸಿದೆ. ಇಳಿಸಿದ್ದಕ್ಕೆ ಮನೆಗೆ ಬಂದು ಸ್ವಲ್ಪ ಜಂಬವನ್ನೂ ಪಟ್ಟೆ. ಅವಳ ಬೆರಳಿಗೆ ಸುತ್ತಿದ್ದ ಬಟ್ಟೆಯ ಚೂರು ಕಣ್ಣಿಗೆ ಬಿದ್ದಿತ್ತು, ಸೀಳು ಕೊಯ್ದಿರಬೇಕು. ಆ ಬಿದಿರು ನೂರಕ್ಕೆ ನೂರು ಬಿದಿರು. ಅದನ್ನು ಮಾಡಿದ ಕೈ ನನ್ನ ಕಣ್ಣೆದುರಿಗೇ ಇತ್ತು. ಆದ್ದರಿಂದಲೇ ಚೌಕಾಸಿ ಮಾಡಿದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಯನ್ನು ಮಾತ್ರ ನಾವು ಯಾರೂ ಚೌಕಾಸಿ ಮಾಡುವುದಿಲ್ಲ. ಕೈ ಕಂಡರೆ ಇಳಿಸುತ್ತೇವೆ, ಕಾಣದಿದ್ದರೆ ಕೊಡುತ್ತೇವೆ. ಎಂಥ ವಿಚಿತ್ರ ಧರ್ಮ ಇದು!

ಮೇದರರಿಗೆ ಇದು ಹೊಸ ಅನುಭವವಲ್ಲ. ೧೯೫೦ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆರಂಭವಾದಾಗ ಅದಕ್ಕೆ ಕಾಡಿನ ಬಿದಿರು ತೀರ ಅಗ್ಗದ ದರದಲ್ಲಿ ದೊರೆಯಿತು. ಬಿದಿರು ಮುಗಿಯುತ್ತಿದೆಯೆಂದು ಬುಟ್ಟಿ ಹೆಣೆಯುವವರು ದೂರಿದರು. ೧೯೭೦ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರು ಅದನ್ನು ಅಧ್ಯಯನ ಮಾಡಿದರು. ಮೆಳೆ ಚೆನ್ನಾಗಿ ಬೆಳೆಯಲಿ ಎಂಬ ಭಾವನೆಯಿಂದ ಅದರ ಬುಡದ ಮುಳ್ಳನ್ನು ಸವರಿ ‘ಶುಚಿ’ ಮಾಡಲಾಗುತ್ತಿತ್ತು. ಮುಳ್ಳು ಹೋದಮೇಲೆ ಎಳೆಯ ಕಳಲೆ ದನಕ್ಕೂ ಮುಳ್ಳುಹಂದಿಗೂ ಮಂಗನಿಗೂ ಸುಲಭದ ತುತ್ತಾಯಿತು. ಮುಳ್ಳೇ ಕಳಲೆಯ ಕಾವಲು ಎಂಬುದು ಹಳ್ಳಿಯವರಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಒಂದು ಮನೆಯಲ್ಲಿ ಸುಖ ಇರಬೇಕೆಂದು ಬಯಸುವುದು ತಪ್ಪೆ? ಅಲ್ಲ. ಸ್ನಾನ ಮಾಡಿ ಬಂದವನಿಗೆ ಮೆತ್ತನೆಯ ಬಟ್ಟೆ ಸಿಕ್ಕಿದರೆ ಅವನಿಗೆ ಆಗುವ ಹಿತ ನಿಜವಾದದ್ದು. ಅದನ್ನು ಹಳಿಯುವ ವೈರಾಗ್ಯ ನನಗಿಲ್ಲ. ಆದರೆ ಆ ಪೆಟ್ಟಿಗೆಯಲ್ಲಿ ಮಾರಾಟಕ್ಕಿಟ್ಟದ್ದು ಮೆತ್ತನೆಯ ಬಟ್ಟೆ ಮಾತ್ರವಲ್ಲ. ಇನ್ನು ಏನನ್ನೂ ಕೇಳಬೇಕಾಗಿಲ್ಲ ಎಂಬ ನೆಮ್ಮದಿಯೂ ಅದರಲ್ಲಿ ಸೇರಿತ್ತು. ಮೊದಲನೆಯದರ ಬೆಲೆ ನನಗೆ ಒಪ್ಪಿಗೆ. ಎರಡನೆಯದು ಕೊಳ್ಳುವ ಪದಾರ್ಥವೇ? ಸುಳ್ಳು ವರ್ತಕನದು ಎಂದು ಬಿಡಬಹುದು. ಆದರೆ ಕೇಳದೆ ಇರಲು ನಾನು ಎಷ್ಟು ಆತುರಪಟ್ಟೆ ಎಂಬುದು ನನ್ನ ಲೆಕ್ಕ. ನನ್ನ ತಾಯಿ ಪ್ರಶ್ನೆ ಕೇಳಿದಾಗ ನಾನೂ ಭಾವಮೈದುನನ ಜೊತೆ ನಕ್ಕಿದ್ದೆ.

ಟವಲುಗಳು ನಮ್ಮ ಬಚ್ಚಲುಮನೆಯ ಗೂಟದಲ್ಲಿಯೇ ಇವೆ. ತವರಿನಿಂದ ಬಂದದ್ದನ್ನು ನನ್ನ ಹೆಂಡತಿ ಹೊರಗಿಡಲಾರಳು, ನಾನೂ ಇಡು ಎನ್ನಲಾರೆ. ತಾಯಿ ಮಾತ್ರ ತಮ್ಮ ಹಳೆಯ ಪಂಚೆಯ ತುಂಡನ್ನು ಬಿಟ್ಟಿಲ್ಲ. ಮೊರದ ಹೆಂಗಸನ್ನು ಹುಡುಕಿಕೊಂಡು ಎರಡು ಸಲ ಆ ರಸ್ತೆಗೆ ಹೋದೆ. ಹಬ್ಬ ಕಳೆದ ಮೇಲೆ ಅಲ್ಲಿ ಬೇರೆ ಯಾರೋ ಪ್ಲಾಸ್ಟಿಕ್ ಬಕೆಟ್ಟು ಇಟ್ಟುಕೊಂಡು ಕುಳಿತಿದ್ದರು. ಕಳೆದ ವಾರ ಭಾವಮೈದುನ ಫೋನು ಮಾಡಿದ್ದ. “ಟವಲು ಹೇಗಿದೆ ಭಾವ?” ಎಂದು ಕೇಳಿದ. “ಬಹಳ ಮೆತ್ತಗಿದೆಯಪ್ಪ” ಎಂದೆ. ಅದು ನಿಜ. ಉಳಿದದ್ದನ್ನು ಫೋನಿನಲ್ಲಿ ಹೇಳಲಾಗಲಿಲ್ಲ. ಈ ಪುರವಣಿಯನ್ನು ಅವನು ಪ್ರತಿ ಭಾನುವಾರ ತಪ್ಪದೆ ಓದುತ್ತಾನೆ.